ಟರ್ಕಿ ಮರಿಗೆ ಕೋಳಿಮರಿಯೇ ಮೇಷ್ಟ್ರು

ಪುಟಾಣಿಗಳೇ, ಕೋಳಿಮೊಟ್ಟೆ ಮರಿಯಾಗಲು 21 ದಿನ, ಟರ್ಕಿ ಮೊಟ್ಟೆಗೆ 28 ದಿನ. ಹುಟ್ಟಿದ ಟರ್ಕಿ ಮರಿಗೆ ಎದುರಿಗೇ ಕಾಳಿದ್ದರೂ ತಿನ್ನಲು ತೋಚದು, ಹಸಿದೇ ಸಾಯಬಹುದು. ಅದಕ್ಕೇ ಜೊತೆಗೆ ಒಂದೆರಡು ಕೋಳಿಮರಿ ಬಿಡುತ್ತಾರೆ. ಇವು ಟಕಟಕ ಕುಕ್ಕುವುದನ್ನು ನೋಡಿ ಅವೂ ಕಲಿಯುತ್ತವೆ.

ಹಾಗಾದರೆ ದೊಡ್ಡ ಕೋಳಿಗಳ ಜೊತೆಗೂ ಬಿಡಬಹುದಲ್ಲವೇ? ನಾನೂ ಹಾಗೆಂದುಕೊಂಡೇ ಆರು ಮರಿಗಳನ್ನು ಹಿತ್ತಲಿಗೆ ಬಿಟ್ಟೆ. ಕೆಲವು ವಾರಗಳಲ್ಲಿ ರೆಕ್ಕೆ ಜೋತುಬಿದ್ದು, ಹಳದಿ ಹಿಕ್ಕೆ ಹಾಕಿ ನಾಲ್ಕು ಸತ್ತವು.

“ಕೋಳಿಗಳಿಗೆ ಏನೂ ಆಗಲಿಲ್ವಲ್ಲ, ತಾತ?” ಎಂದಳು ಮೊಮ್ಮಗಳು.

ಗುಟ್ಟು ಅಲ್ಲೇ ಇತ್ತು. ಕೋಳಿಯ ಕರುಳಿನಲ್ಲಿರುವ ಒಂದು ಹುಳುವಿನ ಮೊಟ್ಟೆಯೊಳಗೆ ‘ಬ್ಲ್ಯಾಕ್‌ಹೆಡ್’ ರೋಗಾಣು ಅಡಗಿರುತ್ತದೆ. ಹಿಕ್ಕೆಯೊಂದಿಗೆ ಅದು ಮಣ್ಣು ಸೇರುತ್ತದೆ, ಎರೆಹುಳುವಿನ ಹೊಟ್ಟೆಗೂ ಹೋಗುತ್ತದೆ. ಕೋಳಿ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಟರ್ಕಿ ತಾಳದು. ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಈಗ ನಮ್ಮಲ್ಲಿ ಟರ್ಕಿಗೆ ಬೇರೆ ಗೂಡು, ಕೋಳಿ ಓಡಾಡದ ನೆಲ. ಮೊದಲು ಟರ್ಕಿಗೆ ಮೇವು, ಆಮೇಲೆ ಕೋಳಿಗೆ, ಚಪ್ಪಲಿಯೂ ಬೇರೆ. ಮೇಷ್ಟ್ರು ಕೆಲಸಕ್ಕೆ ಯಂತ್ರದಲ್ಲಿ ಮರಿಯಾದ, ಹಿತ್ತಲ ಮಣ್ಣು ತುಳಿಯದ ಕೋಳಿಮರಿಯೇ ಬೇಕು. ಪಾಠ ಮುಗಿದ ಮೇಲೆ ಅದು ತನ್ನ ಗುಂಪಿಗೆ.

ಮೊಮ್ಮಗಳು ಕೈ ತೊಳೆದುಕೊಂಡು ದಿನವೂ ಮರಿಗಳನ್ನು ಎಣಿಸುತ್ತಾಳೆ. ಈ ಸಲ ಲೆಕ್ಕ ತಪ್ಪಿಲ್ಲ.