ರವಿವರ್ಮನ ಸಿನಿಮಾ, ನೋಡುಗರ ರವಿವರ್ಮ

ಹೆಸರಾಂತ ಚಿತ್ರಕಾರನೊಬ್ಬನ ಬದುಕನ್ನು ಕುರಿತ ಸಿನಿಮಾ ತೆರೆಗೆ ಬಂದಾಗ ನೋಡುಗರು ಆಡುವ ಮಾತಿನಲ್ಲಿ ಸಿನಿಮಾದ ವಿಚಾರ ಎಷ್ಟಿರುತ್ತದೆಯೋ ಅಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಆ ಚಿತ್ರಕಾರನ ಬಗ್ಗೆ ಅವರು ಮೊದಲೇ ಕಟ್ಟಿಕೊಂಡಿದ್ದ ಕಲ್ಪನೆಯ ವಿಚಾರವೂ ಇರುತ್ತದೆ. ರಾಜಾ ರವಿವರ್ಮನ (1848–1906) ಬದುಕನ್ನು ವಸ್ತುವಾಗಿಟ್ಟುಕೊಂಡು ಕೇತನ್ ಮೆಹ್ತಾ ನಿರ್ದೇಶಿಸಿದ ‘ರಂಗ್ ರಸಿಯಾ’ ಎಂಬ ಹಿಂದಿ ಸಿನಿಮಾದ ಸುತ್ತ ಎದ್ದ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದು ಸ್ಪಷ್ಟವಾಗುತ್ತದೆ. ಮರಾಠಿಯ ರಣಜಿತ್ ದೇಸಾಯಿ ಅವರ ಕಾದಂಬರಿಯನ್ನು ಆಧರಿಸಿದ, ರಣದೀಪ್ ಹೂಡಾ ರವಿವರ್ಮನಾಗಿಯೂ ನಂದನಾ ಸೇನ್ ಅವನ ರೂಪದರ್ಶಿ ಸುಗಂಧೆಯಾಗಿಯೂ ನಟಿಸಿದ ಈ ಸಿನಿಮಾ 2008ರಲ್ಲಿಯೇ ಸಿದ್ಧವಾಗಿ ಲಂಡನ್ನಿನ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತ್ತು. ಭಾರತದ ಚಿತ್ರಮಂದಿರಗಳನ್ನು ಅದು ತಲುಪಿದ್ದು ಮಾತ್ರ 2014ರ ನವೆಂಬರಿನಲ್ಲಿ.

ಈ ಆರು ವರ್ಷಗಳಲ್ಲಿ ಸಿನಿಮಾಕ್ಕಿಂತ ಮೊದಲು ಅದರ ಗದ್ದಲ ಜನರನ್ನು ಮುಟ್ಟಿತ್ತು. ಟಿಕೆಟ್ ಕೊಂಡು ಒಳಗೆ ಹೋದವರಲ್ಲಿ ಬಹಳ ಮಂದಿಗೆ ತಾವು ಬೆತ್ತಲೆ ದೃಶ್ಯಗಳಿರುವ, ಸೆನ್ಸಾರಿನವರೊಂದಿಗೆ ಜಗಳವಾಡಿ ಬಂದ ಸಿನಿಮಾ ಒಂದನ್ನು ನೋಡುತ್ತಿದ್ದೇವೆ ಎಂಬ ತಿಳಿವಳಿಕೆಯಿತ್ತು. ಚಿತ್ರಕಲೆಯ ಕುತೂಹಲದಿಂದ ಹೋದವರು ಕಡಿಮೆ. ಹೊರಗೆ ಬಂದ ಮೇಲಿನ ಮಾತುಗಳೂ ಅದಕ್ಕೆ ತಕ್ಕಂತೆ ಹರಿದು ಹಂಚಿಹೋದವು. ಬಣ್ಣಗಾರಿಕೆಯನ್ನೂ ಉಡುಗೆ ತೊಡುಗೆಗಳ ಸಿರಿಯನ್ನೂ ಮೆಚ್ಚಿದವರು ಇದ್ದಂತೆಯೇ, ಅಭಿನಯ ರಂಗಭೂಮಿಯದಾಯಿತು, ಬೆಳಕು ಕ್ಯಾಲೆಂಡರಿನದಾಯಿತು, ಹೆಣ್ಣಿನ ಮೈಯನ್ನು ಕಲೆಯ ಹೆಸರಿನಲ್ಲಿ ತೋರಿಸಿ ಮಾರಲಾಯಿತು ಎಂದು ಮುನಿದವರೂ ಇದ್ದರು. ತಿರುವಾಂಕೂರಿನ ಮಣ್ಣಿನಲ್ಲಿ ಬೆಳೆದವನು ಹಿಂದಿಯಲ್ಲಿ ಪ್ರಣಯದ ಮಾತಾಡುವುದು ಮಲಯಾಳದ ಕಿವಿಗೆ ಒಗ್ಗುವಂಥದ್ದಲ್ಲ ಎಂಬ ದೂರು ಸಹಜವೇ ಆಗಿತ್ತು. ಇವೆಲ್ಲದರ ಜೊತೆಗೆ, ಹೀಗೆಲ್ಲ ನಿಜವಾಗಿಯೂ ನಡೆದಿತ್ತೇ ಎಂಬ ಪ್ರಶ್ನೆಯೂ ಎದ್ದಿತು. ಜೀವನಚರಿತ್ರೆಯನ್ನು ಆಧರಿಸಿದ ಯಾವ ಸಿನಿಮಾವೂ, ಈಗ ರೂಢಿಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ಯಾವ ಬಯೋಪಿಕ್ಕೂ, ಈ ಪ್ರಶ್ನೆಯಿಂದ ತಪ್ಪಿಸಿಕೊಂಡದ್ದಿಲ್ಲ.

ಈ ದೂರುಗಳಲ್ಲಿ ಹೆಚ್ಚಿನವು ಹೊಸವಲ್ಲ. ನಾಟಕೀಯತೆ, ಪರಕೀಯ ಶೈಲಿ, ಮರ್ಯಾದೆಗೆ ಒಪ್ಪದ ಭಂಗಿ ಎಂಬ ಮೂರು ಆಪಾದನೆಗಳನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರವಿವರ್ಮನ ಚಿತ್ರಗಳ ಮೇಲೆಯೇ ಹೊರಿಸಲಾಗಿತ್ತು. ಅವನು ತೀರಿಕೊಂಡ ಮರುವರ್ಷ, 1907ರಲ್ಲಿ, ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಆನಂದ ಕುಮಾರಸ್ವಾಮಿಯವರು, ಪುರಾಣದ ವಸ್ತುಗಳನ್ನು ಅವನು ರಂಗಸ್ಥಳದ ದೃಶ್ಯಗಳಂತೆ ಕಲ್ಪಿಸಿಕೊಂಡನೆಂದೂ ಅವುಗಳಲ್ಲಿ ಭಾರತೀಯವಾದ ಭಾವವೇ ಇಲ್ಲವೆಂದೂ ಕಟುವಾಗಿ ತೀರ್ಮಾನಿಸಿದರು. ಸೋದರಿ ನಿವೇದಿತಾ ಅವರಿಗೆ, ಶಕುಂತಲೆ ನೆಲದ ಮೇಲೆ ಮೈಚಾಚಿ ಮಲಗಿ ತಾವರೆಯೆಲೆಯ ಮೇಲೆ ಓಲೆ ಬರೆಯುವ ಚಿತ್ರ ಕುಲವಂತೆಯರ ನಡತೆಗೆ ಒಪ್ಪದ್ದಾಗಿ ಕಂಡಿತು. ಬಂಗಾಳದಲ್ಲಿ ಅವನೀಂದ್ರನಾಥ ಟಾಗೋರರ ಸುತ್ತ ರೂಪುಗೊಂಡ ಹೊಸ ಪಂಥ, ಅಜಂತಾದ ಭಿತ್ತಿಚಿತ್ರಗಳು ಮತ್ತು ಮೊಘಲ್ ಚಿಕಣಿಚಿತ್ರಗಳ ಕಡೆಗೆ ತಿರುಗಿ, ಐರೋಪ್ಯ ತೈಲವರ್ಣದ ಮಾರ್ಗವನ್ನು, ಎಂದರೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಕ್ಯಾನ್ವಾಸಿನ ಮೇಲೆ ಪದರು ಪದರಾಗಿ ಹಚ್ಚಿ ಮೈಯ ದುಂಡುತನವನ್ನು ತೋರಿಸುವ ವಿಧಾನವನ್ನು, ಅನುಕರಣೆಯೆಂದು ತಳ್ಳಿಹಾಕಿತು. ‘ರಂಗ್ ರಸಿಯಾ’ ಕುರಿತ ಬಿರುಸಾದ ಟೀಕೆಗಳಲ್ಲಿ ರವಿವರ್ಮನ ಹೆಸರು ಬಂದಲ್ಲೆಲ್ಲ ಸಿನಿಮಾದ ಹೆಸರನ್ನೂ, ಸಿನಿಮಾದ ಹೆಸರು ಬಂದಲ್ಲೆಲ್ಲ ರವಿವರ್ಮನ ಹೆಸರನ್ನೂ ಇಟ್ಟು ಓದಿದರೆ, ಅವು ಯಾವ ಶತಮಾನದವು ಎಂದು ಗುರುತಿಸುವುದು ಕಷ್ಟವಾದೀತು. ಆದ್ದರಿಂದ ಈ ಸಿನಿಮಾವನ್ನು ನಾಟಕೀಯವೆಂದು ಜರೆಯುವವರು, ಅದು ನಿರ್ದೇಶಕರ ಸೋಲೋ ಅಥವಾ ತನ್ನ ನಾಯಕನ ಶೈಲಿಗೆ ತೋರಿದ ನಿಷ್ಠೆಯೋ ಎಂಬುದನ್ನೂ ಹೇಳಬೇಕಾಗುತ್ತದೆ. ಪಾರ್ಸಿ ನಾಟಕಗಳ ಪರದೆ, ದೀಪ, ಭಂಗಿಗಳ ಕಾಲದಲ್ಲಿ ಬದುಕಿದ್ದ, ಅವುಗಳ ಛಾಯೆಯನ್ನು ತನ್ನ ಚಿತ್ರಗಳೊಳಗೂ ಬಿಟ್ಟುಕೊಂಡಿದ್ದ ಕಲಾವಿದನನ್ನು ಪಿಸುಮಾತಿನ ಸಹಜಾಭಿನಯದಲ್ಲಿ ತೋರಿಸಿದ್ದರೆ ಅದೂ ಒಂದು ಬಗೆಯ ಸುಳ್ಳೇ ಆಗುತ್ತಿತ್ತು.

ಸತ್ಯದ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಸಿನಿಮಾದ ಕಥೆ ಸುಗಂಧೆಯ ಸುತ್ತ ತಿರುಗುತ್ತದೆ: ಸಮಾಜ ಕೀಳಾಗಿ ಕಂಡ ಹೆಣ್ಣೊಬ್ಬಳ ಮುಖ ದೇವಿಯ ಮುಖವಾಗಿ ಮನೆಮನೆಯ ಪೂಜೆಯ ಗೂಡು ಸೇರುತ್ತದೆ, ಅದೇ ಕಾರಣಕ್ಕೆ ಚಿತ್ರಕಾರ ನ್ಯಾಯಾಲಯದ ಕಟಕಟೆ ಹತ್ತುತ್ತಾನೆ. ಕಾದಂಬರಿಯಿಂದ ಬಂದ ಈ ಹಂದರ ಕಥೆಯಾಗಿ ಬಲವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೆ ಜಾಗ ಮಾಡಿಕೊಡಲು ಸಿನಿಮಾ ಪಕ್ಕಕ್ಕೆ ಸರಿಸಿರುವ ಸಂಗತಿಗಳು ದಾಖಲೆಯುಳ್ಳವು, ಮತ್ತು ಅವೂ ಕಡಿಮೆ ಕುತೂಹಲದವಲ್ಲ. ತಮ್ಮ ಸಿ. ರಾಜರಾಜವರ್ಮ ತಾನೂ ಚಿತ್ರಕಾರನಾಗಿದ್ದು, ಅಣ್ಣನೊಂದಿಗೆ ಊರೂರು ತಿರುಗಿ, ಅನೇಕ ಚಿತ್ರಗಳಲ್ಲಿ ಕೈಜೋಡಿಸಿ, ಆ ದಿನಗಳ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟವನು; 1905ರಲ್ಲಿ ಅವನು ತೀರಿಕೊಂಡ ಮೇಲೆ ಅಣ್ಣ ಬಹಳ ದಿನ ಉಳಿಯಲಿಲ್ಲ. ಸುಗಂಧೆಗೆ ಸಿಕ್ಕ ಜಾಗದ ಒಂದು ಪಾಲೂ ಈ ತಮ್ಮನಿಗೆ ಸಿಕ್ಕಿಲ್ಲ. ಕೇರಳದ ಮರುಮಕ್ಕತ್ತಾಯವೂ ಹಾಗೆಯೇ. ತುಳುನಾಡಿನವರು ಅಳಿಯಕಟ್ಟು ಎಂದು ಕರೆಯುವ, ಆಸ್ತಿಯೂ ವಂಶವೂ ತಾಯಿಯ ಕಡೆಯಿಂದ ಸಾಗುವ ಈ ಪದ್ಧತಿಯಲ್ಲಿ ಗಂಡ ಹೆಂಡತಿಯರ ಸಂಬಂಧ ಉತ್ತರ ಭಾರತದ ಮನೆತನಗಳಲ್ಲಿದ್ದಂತೆ ಇರಲಿಲ್ಲ. ಮಾವೇಲಿಕ್ಕರದ ಮನೆತನದವಳಾದ ಅವನ ಹೆಂಡತಿಯನ್ನು ಗಂಡ ಬಿಟ್ಟುಹೋದ ದುಃಖಿನಿ ಎಂಬ ಸಿದ್ಧ ಅಚ್ಚಿನಲ್ಲಿ ನೋಡುವವರಿಗೆ ಆ ಮನೆತನದ ಮೊಮ್ಮಕ್ಕಳೇ ಮುಂದೆ ತಿರುವಾಂಕೂರಿನ ರಾಜವಂಶಕ್ಕೆ ದತ್ತು ಹೋಗಿ ರಾಣಿಯರಾದದ್ದು ಅರ್ಥವಾಗುವುದಿಲ್ಲ.

ನ್ಯಾಯಾಲಯದ ದೃಶ್ಯಗಳನ್ನು ಕುರಿತು ಬಂದ ಅಭಿಪ್ರಾಯಗಳಿಗೆ ಬೇರೊಂದು ಹಿನ್ನೆಲೆಯಿದೆ. ಇಂದಿನ ಕಾಲದ ಹರಾಜಿನ ಸಭಾಂಗಣದಿಂದ, ಅಲ್ಲಿ ಚಿತ್ರಗಳ ವಿರುದ್ಧ ಕೂಗೆಬ್ಬಿಸುವ ಗುಂಪಿನಿಂದ ಆರಂಭವಾಗುವ ಈ ಸಿನಿಮಾ ಹತ್ತೊಂಬತ್ತನೆಯ ಶತಮಾನದ ಮಾತಾಡುವಾಗಲೂ ಕಣ್ಣಿಟ್ಟಿರುವುದು ತನ್ನ ಕಾಲದ ಮೇಲೆಯೇ. ಚಿತ್ರಕಾರ ಎಂ.ಎಫ್. ಹುಸೇನ್ ದೇವತೆಗಳ ನಗ್ನ ಚಿತ್ರಗಳಿಗಾಗಿ ಮೊಕದ್ದಮೆಗಳನ್ನೂ ದಾಳಿಗಳನ್ನೂ ಎದುರಿಸಿ 2006ರಲ್ಲಿ ದೇಶ ಬಿಟ್ಟಿದ್ದರು. ಸಿನಿಮಾ ಸಿದ್ಧವಾದ 2008ರಲ್ಲಿಯೇ ದೆಹಲಿಯ ಉಚ್ಚ ನ್ಯಾಯಾಲಯ ಅವರ ಮೇಲಿದ್ದ ಅಶ್ಲೀಲತೆಯ ಮೊಕದ್ದಮೆಗಳನ್ನು ವಜಾ ಮಾಡಿತು. ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅವರು ಕತಾರಿನ ಪ್ರಜೆಯಾಗಿ, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದರು. ಇದನ್ನು ಬಲ್ಲ ನೋಡುಗರಿಗೆ ಕಟಕಟೆಯಲ್ಲಿ ನಿಂತ ರವಿವರ್ಮನ ಹಿಂದೆ ಬರಿಗಾಲಿನ ಇನ್ನೊಬ್ಬ ಚಿತ್ರಕಾರ ಕಂಡಿದ್ದರೆ ಆಶ್ಚರ್ಯವಿಲ್ಲ, ಸಿನಿಮಾವನ್ನು ಹೊಗಳಿದವರಲ್ಲಿ ಒಂದು ಪಾಲು ಈ ಕಾರಣಕ್ಕಾಗಿಯೇ ಹೊಗಳಿದ್ದು. ಅಭಿವ್ಯಕ್ತಿ ಸ್ವಾತಂತ್ರ್ಯದ ಪರವಾದ ಆ ವಾದ ಸರಿಯಾದದ್ದೇ. ಆದರೂ, ರಾಜರುಗಳ ಆಶ್ರಯವನ್ನೂ ಬ್ರಿಟಿಷ್ ಸರಕಾರದ ಕೈಸರ್-ಇ-ಹಿಂದ್ ಪದಕವನ್ನೂ ಪಡೆದು, ಬರೋಡ ಮೈಸೂರುಗಳ ಅರಮನೆಗಳಿಂದ ದೊಡ್ಡ ಬೇಡಿಕೆಗಳನ್ನು ಒಪ್ಪಿಕೊಂಡು, ತನ್ನ ಕಾಲದ ಅಭಿರುಚಿಯ ನಡುಮಧ್ಯದಲ್ಲಿದ್ದ ವ್ಯಕ್ತಿಗೆ ಬಂಡಾಯಗಾರನ ಅಂಗಿ ತೊಡಿಸಿದಾಗ ಅದು ಭುಜದ ಬಳಿ ಬಿಗಿಯಾಗುತ್ತದೆ.

ಈ ಎಲ್ಲ ಚರ್ಚೆಯಲ್ಲಿ ಬಹುಮಟ್ಟಿಗೆ ಕಾಣದೆ ಹೋದ ಪ್ರಶ್ನೆಯೆಂದರೆ ಚಿತ್ರ ಬರೆಯುವ ಕೆಲಸವನ್ನು ಸಿನಿಮಾ ಹೇಗೆ ತೋರಿಸಿದೆ ಎಂಬುದು. ನೋಡುಗರು ನಾಯಕನ ಪ್ರೇಮವನ್ನು ತೂಗಿದರು, ಅವನ ಮೇಲಿನ ಮೊಕದ್ದಮೆಯನ್ನು ತೂಗಿದರು. ಕುಂಚ ಹಿಡಿದ ಕೈಯನ್ನು ತೂಗಿ ನೋಡಿದವರು ವಿರಳ. ಈ ವಿಷಯದಲ್ಲಿ ಸಿನಿಮಾ ಕಲೆಗೆ ಒಳ್ಳೆಯ ಮಾದರಿಗಳಿವೆ. 1956ರ ಫ್ರೆಂಚ್ ಸಾಕ್ಷ್ಯಚಿತ್ರವೊಂದರಲ್ಲಿ ಆನ್ರಿ ಜಾರ್ಜ್ ಕ್ಲೂಜೊ, ಶಾಯಿ ಇನ್ನೊಂದು ಬದಿಗೆ ಇಳಿಯುವಂಥ ಹಾಳೆಯ ಮೇಲೆ ಪಿಕಾಸೊ ಗೆರೆ ಎಳೆಯುವುದನ್ನು ಹಿಂಬದಿಯಿಂದ ಚಿತ್ರೀಕರಿಸಿ, ಕೈಯೇ ಕಾಣದಂತೆ ಗೆರೆಗಳು ತಾವಾಗಿ ಮೂಡಿ ಬದಲಾಗುವುದನ್ನು ತೋರಿಸಿದರು. ಮೈಕ್ ಲೀ ನಿರ್ದೇಶನದ ‘ಮಿಸ್ಟರ್ ಟರ್ನರ್’ (2014) ಸಿನಿಮಾಕ್ಕಾಗಿ ನಟ ಟಿಮೊಥಿ ಸ್ಪಾಲ್ ಸುಮಾರು ಎರಡು ವರ್ಷ ಚಿತ್ರಕಲೆಯನ್ನು ಕಲಿತರು. ವಾನ್ ಗೋ ಕುರಿತ ‘ಲವಿಂಗ್ ವಿನ್ಸೆಂಟ್’ (2017) ಅಂತೂ ನೂರಕ್ಕೂ ಹೆಚ್ಚು ಚಿತ್ರಕಾರರು ತೈಲವರ್ಣದಲ್ಲಿ ಬರೆದ ಸುಮಾರು 65,000 ಚೌಕಟ್ಟುಗಳಿಂದಲೇ ಕಟ್ಟಿದ್ದು. ಅದರ ಕಥೆ ಸಾಧಾರಣ, ಪತ್ತೇದಾರಿಯ ಮಟ್ಟದ್ದು, ಆದರೆ ಬಣ್ಣದ ದಪ್ಪ ಪದರನ್ನು ಕಣ್ಣಿಗೆ ಮುಟ್ಟಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ರವಿವರ್ಮನನ್ನೇ ಕುರಿತು ಲೆನಿನ್ ರಾಜೇಂದ್ರನ್ ಮಲಯಾಳದಲ್ಲಿ ಮಾಡಿದ ‘ಮಕರಮಂಞ್’ (2011) ಊರ್ವಶಿ ಪುರೂರವರ ಚಿತ್ರ ರೂಪುಗೊಳ್ಳುವ ಹೊತ್ತನ್ನೇ ಕಥೆಯಾಗಿಸಿಕೊಂಡಿತು, ಮತ್ತು ಛಾಯಾಗ್ರಾಹಕರಾಗಿ ಹೆಸರಾದ ಸಂತೋಷ್ ಶಿವನ್ ಅವರನ್ನೇ ಚಿತ್ರಕಾರನ ಪಾತ್ರಕ್ಕೆ ಆರಿಸಿತು. ನೋಡುವುದನ್ನೇ ಕಸುಬಾಗಿಸಿಕೊಂಡ ವ್ಯಕ್ತಿಯೊಬ್ಬ ರೂಪದರ್ಶಿಯನ್ನು ನೋಡುವ ನೋಟಕ್ಕೂ ಪ್ರಣಯದ ನಾಯಕನೊಬ್ಬ ನೋಡುವ ನೋಟಕ್ಕೂ ಇರುವ ಅಂತರ ಆ ಆಯ್ಕೆಯಲ್ಲಿದೆ. ‘ರಂಗ್ ರಸಿಯಾ’ದಲ್ಲಿ ಈ ಅಂತರ ಮಸುಕಾಗಿದೆ, ಅಲ್ಲಿ ಬಣ್ಣ ಹೆಚ್ಚಾಗಿ ಮೈಗೆ ಹಚ್ಚಲಿಕ್ಕೆ, ಕ್ಯಾನ್ವಾಸಿಗೆ ಕಡಿಮೆ. ತಿರುವಾಂಕೂರಿನ ಆಸ್ಥಾನದಲ್ಲಿ ಎಣ್ಣೆಬಣ್ಣದ ಗುಟ್ಟನ್ನು ಯಾರೂ ಬಿಟ್ಟುಕೊಡದಿದ್ದಾಗ, ಅಲ್ಲಿಗೆ ಬಂದ ಐರೋಪ್ಯ ಚಿತ್ರಕಾರ ಥಿಯೊಡೋರ್ ಜೆನ್ಸನ್ ಕೆಲಸ ಮಾಡುವುದನ್ನು ದೂರ ನಿಂತು ನೋಡಿ, ತಪ್ಪಿ, ಮತ್ತೆ ಮಾಡಿ ಕಲಿತ ಹುಡುಗನ ಹಟ ಯಾವ ಪ್ರೇಮಕಥೆಗಿಂತಲೂ ಕಡಿಮೆಯದಲ್ಲ, ಸಿನಿಮಾ ಅದನ್ನು ಅವಸರದಲ್ಲಿ ದಾಟಿಹೋಗುತ್ತದೆ.

ಕನ್ನಡದ ನೋಡುಗರ ಮಟ್ಟಿಗೆ ಇನ್ನೊಂದು ತೊಡಕಿದೆ. ಇಲ್ಲಿ ರವಿವರ್ಮ ಅಪರಿಚಿತನಾಗಿದ್ದ ಕಾಲವೇ ಯಾರ ನೆನಪಿನಲ್ಲೂ ಇಲ್ಲ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ಅವನು ಮೈಸೂರಿಗೆ ಬಂದು ಅರಮನೆಯವರ ಭಾವಚಿತ್ರಗಳನ್ನು ಬರೆದನು. ಕೊನೆಯ ವರ್ಷಗಳಲ್ಲಿ ಮತ್ತೆ ಮೈಸೂರಿಗಾಗಿ ಪುರಾಣದ ಚಿತ್ರಗಳನ್ನು ಬರೆದನು. ಬೇರೆ ಬೇರೆ ಸೀಮೆಗಳ ಉಡುಗೆಯುಟ್ಟ ಹನ್ನೊಂದು ಮಂದಿ ಹೆಂಗಸರು ವಾದ್ಯಗಳೊಂದಿಗೆ ಕುಳಿತು ನಿಂತಿರುವ, 1889ರದೆಂದು ಹೇಳಲಾಗುವ ಅವನ ಹೆಸರಾಂತ ಸಂಗೀತಗಾರ್ತಿಯರ ಚಿತ್ರ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ. ಅವನ ಹೆಸರು ಸಿನಿಮಾ ಹಾಡಿನ ಪಲ್ಲವಿಗೂ ಇಳಿದು, ‘ಸೊಸೆ ತಂದ ಸೌಭಾಗ್ಯ’ (1977) ಬಂದ ಮೇಲೆ, ಚಿತ್ರಕಲೆಯ ಗಂಧ ಗಾಳಿ ಇಲ್ಲದವರ ಬಾಯಲ್ಲೂ ಹೆಣ್ಣಿನ ಚೆಲುವಿಗೆ ಅವನ ಕುಂಚ ಅಳತೆಗೋಲಾಯಿತು. ಇಷ್ಟು ಸಲುಗೆಯಿರುವ ಕಲಾವಿದನನ್ನು ತೆರೆಯ ಮೇಲೆ ಬೇರೊಬ್ಬರು ತೋರಿಸಿದಾಗ, ಹೀಗಿರಲಿಲ್ಲ ಎಂಬ ಮಾತು ಪುರಾವೆಗೆ ಕಾಯುವುದಿಲ್ಲ.

ಆ ಸಲುಗೆ ಬೆಳೆದದ್ದು ಮೂಲ ಚಿತ್ರಗಳಿಂದಲ್ಲ, ಅಚ್ಚಿನ ಪಟಗಳಿಂದ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮ ಸೋದರರು ಜರ್ಮನಿಯ ಯಂತ್ರಗಳನ್ನು ತರಿಸಿ ತೆರೆದ ಮುದ್ರಣಾಲಯದಲ್ಲಿ ತಯಾರಾದವು ಓಲಿಯೋಗ್ರಾಫ್ ಎಂಬ ಬಗೆಯ ಪಟಗಳು: ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣಕಲ್ಲಿನ ಹಲಗೆಯನ್ನು ಸಿದ್ಧಪಡಿಸಿ, ಒಂದರ ಮೇಲೊಂದು ಬಣ್ಣ ಕೂರುವಂತೆ ಅಚ್ಚೊತ್ತಿ, ಕೊನೆಗೆ ಎಣ್ಣೆಬಣ್ಣದ ಹೊಳಪು ಬರುವಂತೆ ವಾರ್ನಿಷ್ ಎಳೆದವು. ಪ್ಲೇಗಿನ ಹಾವಳಿಯೂ ಸಾಲದ ಹೊರೆಯೂ ಸೇರಿ ಮುದ್ರಣಾಲಯ ಲೋನಾವಳದ ಬಳಿಯ ಮಳವಲಿಗೆ ಸಾಗಿ, 1901ರಲ್ಲಿ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರನ ಪಾಲಾಯಿತು. ದಾದಾಸಾಹೇಬ್ ಫಾಲ್ಕೆ ಅಚ್ಚಿನ ಕೆಲಸ ಮಾಡಿದ್ದು ಈ ಮುದ್ರಣಾಲಯಕ್ಕಾಗಿಯೇ, ಮತ್ತು ಮುಂದೆ ಅವರು ತೆಗೆದ 1913ರ ‘ರಾಜಾ ಹರಿಶ್ಚಂದ್ರ’ ಸಿನಿಮಾದ ಚೌಕಟ್ಟುಗಳಲ್ಲಿ ಆ ಪಟಗಳ ನಿಲುವು ಭಂಗಿಗಳು ಉಳಿದುಬಂದಿವೆ. ಮೆಹ್ತಾ ತಮ್ಮ ಸಿನಿಮಾದಲ್ಲಿ ಯುವಕ ಫಾಲ್ಕೆಯನ್ನು ತಂದದ್ದು ಬರಿಯ ಅಲಂಕಾರವಲ್ಲ, ಅದು ಸಿನಿಮಾದ ಅತ್ಯಂತ ಬುದ್ಧಿವಂತ ಎಳೆ; ನೋಡುಗರ ಮಾತುಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಇನ್ನು ಮುದ್ರಣಾಲಯ ಕೈಬದಲಾದ ಮೇಲೆ ಅಲ್ಲಿಂದ ಧುರಂಧರ್ ಮೊದಲಾದ ಬೇರೆ ಕಲಾವಿದರ ಚಿತ್ರಗಳೂ ಸರಕುಗಳ ಜಾಹೀರಾತು ಪಟಗಳೂ ಹೊರಬಂದು, ಮನೆಗಳ ಗೋಡೆಯ ಮೇಲೆ ಎಲ್ಲವೂ ಒಂದೇ ಹೆಸರಿನಡಿ ಸೇರಿಕೊಂಡವು. ಹೀಗಾಗಿ ‘ರಂಗ್ ರಸಿಯಾ’ದ ನಾಯಕ ತಮ್ಮ ರವಿವರ್ಮನಂತಿಲ್ಲ ಎಂದು ದೂರಿದ ನೋಡುಗರಲ್ಲಿ ಎಷ್ಟೋ ಮಂದಿ ಹೋಲಿಕೆಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಲಕ್ಷ್ಮಿ ಸರಸ್ವತಿಯರಲ್ಲಿ ಕೆಲವರನ್ನು ರವಿವರ್ಮ ಬರೆದಿರಲೇ ಇಲ್ಲ.