ತುಕ್ಕು ಹಿಡಿದ ಕೊಳವೆಗೆ ಹೆಸರು ಕೊಟ್ಟ ಬಾವಿ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮದಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಗೇಣುದ್ದದ, ತುಕ್ಕು ತಿಂದ ಆ ಕೊಳವೆಗಳು ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳೆಂದು ಖಚಿತವಾಗಲು ಐದು ವರ್ಷ ಹಿಡಿಯಿತು. 2018ರ ಜುಲೈನಲ್ಲಿ ಅದೇ ಊರಿನ ಪಾಳುಬಾವಿಯೊಂದರ ಮಣ್ಣಿನಿಂದ ಮದ್ದಿನ ವಾಸನೆ ಬರುತ್ತಿದ್ದುದನ್ನು ಗಮನಿಸಿ ರಾಜ್ಯ ಪುರಾತತ್ವ ಇಲಾಖೆಯವರು ಅಗೆಸಿದಾಗ, ಒಂದೇ ಕಡೆ ರಾಶಿಯಾಗಿ 1,000ಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಹೆಚ್ಚಿನವು 23ರಿಂದ 26 ಸೆಂಟಿಮೀಟರ್ ಉದ್ದದವು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಕರೆದ ಊರು ಇದೇ. ಈ ಹಿನ್ನೆಲೆ, ಆ ಬಾವಿ, ಆ ವಾಸನೆ, ಆ ರಾಶಿ ಎಲ್ಲವೂ ಒಟ್ಟಿಗೆ ಸಿಕ್ಕಿದ್ದರಿಂದ ಈ ಸಲದ ಕೊಳವೆಗಳಿಗೆ ಹೆಸರು ಸಿಕ್ಕಿತು. ಅದರಲ್ಲೊಂದು ಮೊದಲೇ ಯಾರದೋ ಕೈಸೇರಿ ಗುಜರಿ ಅಂಗಡಿಯ ತಕ್ಕಡಿ ಏರಿದ್ದರೆ, ಅದನ್ನು ಮುರಿದ ಪಂಪಿನ ಚೂರು ಎಂದುಕೊಂಡವರನ್ನು ದೂರುವಂತಿರಲಿಲ್ಲ.

ನೆಲದಿಂದ ಬಂದ ಲೋಹದ ವಸ್ತುವನ್ನು ಗುರುತಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದು ಸಿಕ್ಕ ನೆಲದ್ದು ಎಂಬುದೇ ನನ್ನ ವಾದ. ಮಡಕೆ ಚೂರಿನ ವಿಷಯ ಬೇರೆ. ಅದರ ಬಣ್ಣ, ಹೊಳಪು, ಅಂಚಿನ ಬಾಗು ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದರಿಂದ ಪಳಗಿದ ಕಣ್ಣಿಗೆ ಚೂರೇ ಸಾಕು. ಕಬ್ಬಿಣ ಹಾಗಲ್ಲ. ಬೃಹತ್ ಶಿಲಾಗೋರಿಗಳಲ್ಲಿ ಸಿಕ್ಕ ಕುಡುಗೋಲು, ಉಳಿಗಳನ್ನು ನೋಡಿದರೆ ನಮ್ಮ ಹಳ್ಳಿಯ ಕಮ್ಮಾರನ ಕುಲುಮೆಯಿಂದ ಬಂದವುಗಳಿಗೂ ಅವಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕೆಲಸ ಬದಲಾಗದಿದ್ದರೆ ಹತಾರದ ಆಕಾರವೂ ಬದಲಾಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಸಿದ ಮಾರ್ಟಿಮರ್ ವೀಲರ್, ಕಬ್ಬಿಣ ಬಳಸಿದ ಆ ಗೋರಿಗಳ ಜನರನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಿಂದೀಚಿನವರೆಂದು ಲೆಕ್ಕ ಹಾಕಿದರು. ರೋಮಿನೊಂದಿಗಿನ ವ್ಯಾಪಾರದ ಕುರುಹುಗಳೇ ಅವರ ಲೆಕ್ಕಕ್ಕೆ ಆಧಾರ. ಮುಂದೆ 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ, ಕಬ್ಬಿಣ ಸಿಕ್ಕ ಪದರದ ಇದ್ದಿಲು ಕ್ರಿಸ್ತಪೂರ್ವ ಸುಮಾರು 1000ದ ಕಾಲಮಾನ ಕೊಟ್ಟಿತು. ದಕ್ಷಿಣದ ಕಬ್ಬಿಣಯುಗದ ಆರಂಭ ಎಷ್ಟೋ ಶತಮಾನ ಹಿಂದೆ ಸರಿದದ್ದು ಒಂದು ಹಿಡಿ ಇದ್ದಿಲಿನಿಂದ. ಆ ಕಬ್ಬಿಣದ ತುಂಡುಗಳನ್ನು ಮಾತ್ರ ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೆ ಈ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. 2025ರಲ್ಲಿ ತಮಿಳುನಾಡು ಸರ್ಕಾರ ತನ್ನ ನೆಲದ ಕಬ್ಬಿಣವನ್ನು ಇನ್ನೂ ಸಾವಿರಾರು ವರ್ಷ ಹಿಂದಕ್ಕೆ ಒಯ್ದು ಪ್ರಕಟಿಸಿದ ಕಾಲಮಾನಗಳಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ: ಇದ್ದಿಲೂ ಕಬ್ಬಿಣವೂ ಒಂದೇ ಹೊತ್ತಿಗೆ ಮಣ್ಣಾದವೇ?

ನಾಣ್ಯಗಳಿಗೆ ಈ ತೊಡಕಿಲ್ಲ, ಅವುಗಳ ಮೇಲೆ ಬರಹವಿರುತ್ತದಲ್ಲ ಎಂದು ಕೆಲವರು ಹೇಳಬಹುದು. ಚಿನ್ನ, ಬೆಳ್ಳಿಯ ಮಟ್ಟಿಗೆ ಅದು ನಿಜ. ಆದರೆ ಶಾತವಾಹನರ ಕಾಲದಲ್ಲಿ ನಮ್ಮಲ್ಲಿ ಸೀಸದ ನಾಣ್ಯಗಳು ಹೇರಳವಾಗಿ ಓಡಾಡುತ್ತಿದ್ದವು. ನೆಲದಲ್ಲಿ ಉಳಿದ ಸೀಸ ಬೂದುಬಣ್ಣಕ್ಕೆ ತಿರುಗಿ, ಮೇಲೆ ಬಿಳಿ ಪೊರೆ ಕಟ್ಟಿ, ಬೆಸ್ತರು ಬಲೆಗೆ ಕಟ್ಟುವ ಗುಂಡಿನಂತೆ ಕಾಣುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಇಂಥ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ದೊರೆತಿವೆ. ಬೆಳ್ಳಿಯ ನಾಣ್ಯ ಒಂಟಿಯಾಗಿ ಸಿಕ್ಕರೆ ಅದೊಂದು ವಿದೇಶಿ ನಾಣ್ಯ, ಅಷ್ಟೇ. ಸ್ಥಳೀಯ ಸೀಸದ ಜೊತೆಗೆ, ಒಂದೇ ನೆಲೆಯಲ್ಲಿ ಸಿಕ್ಕಾಗ ಎರಡು ಸಾವಿರ ವರ್ಷದ ಹಿಂದೆ ಬಯಲುಸೀಮೆಯ ಒಂದು ಊರು ಯಾವ ಕಡಲಾಚೆಯ ಪೇಟೆಯೊಂದಿಗೆ ಲೇವಾದೇವಿ ನಡೆಸುತ್ತಿತ್ತು ಎಂಬುದು ಗೊತ್ತಾಗುತ್ತದೆ. ಬೆಳ್ಳಿಯನ್ನು ಆರಿಸಿಕೊಂಡು ಸೀಸವನ್ನು ಎಸೆದವನು ಆ ಊರಿನ ಲೆಕ್ಕದ ಪುಸ್ತಕವನ್ನೇ ಹರಿದಂತೆ.

ಇನ್ನೊಂದು ಹಾನಿ ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ. ತಾಮ್ರದ ಪಟವೋ ಕಂಚಿನ ಮೂರ್ತಿಯೋ ಸಿಕ್ಕ ಕೂಡಲೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತೇವೆ. ಹಸಿರು ಕಿಲುಬಿನ ಜೊತೆಗೆ ಅಕ್ಷರದ ಅಂಚೂ ಸವೆಯುತ್ತದೆ. ಕಬ್ಬಿಣದ ತುಕ್ಕಿನಲ್ಲಂತೂ ಕತ್ತಿಯ ಒರೆಗೆ ಬಳಸಿದ ಮರದ ಎಳೆ, ಸುತ್ತಿದ ಬಟ್ಟೆಯ ನೇಯ್ಗೆ ಕಲ್ಲಾದಂತೆ ಅಚ್ಚೊತ್ತಿ ಉಳಿದಿರುವುದುಂಟು. ಎಷ್ಟೋ ಸಲ ಒಳಗಿನ ಲೋಹ ಪೂರ್ತಿ ಹೋಗಿ, ವಸ್ತುವಿನ ನಿಜವಾದ ಆಕಾರ ತುಕ್ಕಿನ ಗಡ್ಡೆಯೊಳಗೆ ಮಾತ್ರ ಉಳಿದಿರುತ್ತದೆ. ಎಕ್ಸ್‌ರೇ ಅದನ್ನು ಕಾಣಬಲ್ಲದು, ಉಪ್ಪುಕಾಗದ ಅದನ್ನು ಅಳಿಸಬಲ್ಲದು. ಕುಲುಮೆಯ ಕಿಟ್ಟದ ಗತಿಯೂ ಹೀಗೆಯೇ. ಕಪ್ಪು ಕಲ್ಲೆಂದು ರಸ್ತೆಯ ಗುಂಡಿಗೆ ಸುರಿದ ಕಿಟ್ಟ, ಅಲ್ಲೇ ಅದಿರು ಕರಗಿಸಿದ್ದರು ಎನ್ನುವುದಕ್ಕೆ ಇರುವ ಗಟ್ಟಿ ಸಾಕ್ಷಿ.

ಈಗಿನ ಯಂತ್ರಗಳು ಎಲ್ಲವನ್ನೂ ಹೇಳಬಲ್ಲವು, ನೆಲದ ಮಾತು ಏಕೆ ಎಂದು ಕೇಳುವವರಿದ್ದಾರೆ. ಎಕ್ಸ್‌ರೇ ಫ್ಲೋರೆಸೆನ್ಸ್ ಉಪಕರಣ ಹಿಡಿದರೆ ತಾಮ್ರವೆಷ್ಟು, ತವರವೆಷ್ಟು ಎಂದು ಕ್ಷಣದಲ್ಲಿ ತಿಳಿಯುತ್ತದೆ ನಿಜ. ಆದರೆ ಅದು ನೋಡುವುದು ಮೇಲ್ಮೈಯನ್ನು, ಅಲ್ಲಿರುವುದು ಹೆಚ್ಚಾಗಿ ಕಿಲುಬು. ಎಲ್ಲಕ್ಕಿಂತ ಮುಖ್ಯವಾಗಿ, ಮಿಶ್ರಣದ ಪ್ರಮಾಣ ತಿಳಿದ ಮಾತ್ರಕ್ಕೆ ವಸ್ತು ಯಾವ ಶತಮಾನದ್ದೆಂದು ತಿಳಿಯದು. ಉಕ್ಕಿನೊಳಗಿನ ಇಂಗಾಲದಿಂದ ಕಾಲ ಅಳೆಯುವ ದಾರಿಯಿದ್ದರೂ ಅದಕ್ಕಾಗಿ ವಸ್ತುವಿನ ಒಂದು ಭಾಗವನ್ನು ಕಳೆದುಕೊಳ್ಳಬೇಕು.

ಇದಕ್ಕಿಂತ ತೂಕದ ಆಕ್ಷೇಪ ರೈತನದು. ಹೊಲದಲ್ಲಿ ಏನೋ ಸಿಕ್ಕಿತೆಂದು ತಿಳಿಸಿದರೆ ಕೆಲಸ ನಿಲ್ಲುತ್ತದೆ, ಪೊಲೀಸರು ಬರುತ್ತಾರೆ, ನಿಧಿ ಬಚ್ಚಿಟ್ಟಿದ್ದಾನೆಂಬ ಅನುಮಾನ ಸುತ್ತಿಕೊಳ್ಳುತ್ತದೆ ಎಂಬ ಅವನ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಈ ಅಂಜಿಕೆಯ ಬೇರು ನಮ್ಮ ಕಾನೂನಿನ ಹಳೆಯ ಅಚ್ಚಿನಲ್ಲಿದೆ. 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದಿತು. ಅಲ್ಲಿ ತೂಗಿದ್ದು ಬೆಲೆಯನ್ನು. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷದ ಹಳಮೆಯನ್ನು ಅಳತೆಯಾಗಿಸಿದ್ದು ದೊಡ್ಡ ಹೆಜ್ಜೆ. ಆದರೂ ಜನರ ಮನಸ್ಸಿನಲ್ಲಿ ನೆಲದಡಿಯ ಲೋಹವೆಂದರೆ ಇಂದಿಗೂ ನಿಧಿ. ಅದಕ್ಕಾಗಿಯೇ ನಿಧಿಗಳ್ಳರು ಗುಡಿಯ ಗರ್ಭಗೃಹವನ್ನು ಅಗೆಯುತ್ತಾರೆ, ವೀರಗಲ್ಲುಗಳನ್ನು ಕಿತ್ತು ಕೆಡವುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಪ್ರದೇಶಕ್ಕೊಬ್ಬ ಪರಿಣತ ಅಧಿಕಾರಿ ಜನರ ಕೈಗೆ ಸಿಕ್ಕ ವಸ್ತುವನ್ನು ನೋಡಿ, ಸಿಕ್ಕ ಜಾಗವನ್ನು ದಾಖಲಿಸಿ, ಸಾಮಾನ್ಯವಾಗಿ ವಸ್ತುವನ್ನು ತಂದವರಿಗೇ ಮರಳಿಸುತ್ತಾರೆ. ಹೀಗೆ 10 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಅಲ್ಲಿನಂತೆ ಲೋಹಶೋಧಕ ಹಿಡಿದು ಹೊಲ ಸುತ್ತುವ ಹವ್ಯಾಸವನ್ನು ಇಲ್ಲಿಗೆ ತರಬೇಕಾಗಿಲ್ಲ. ಗೋರಿ, ಕೋಟೆಗಳಿಂದ ತುಂಬಿದ ನಮ್ಮ ನೆಲದಲ್ಲಿ ಅದು ಅನಾಹುತವಾದೀತು. ಹೆದರದೆ ಹೋಗಿ ತೋರಿಸಬಹುದಾದ ಒಬ್ಬ ಮನುಷ್ಯ ಇರಬೇಕೆಂಬ ಅಂಶವನ್ನಷ್ಟೇ ತರಬೇಕು.

ಪ್ರತಿ ಜಿಲ್ಲೆಯಲ್ಲೂ ಅಂಥ ಒಬ್ಬರು ಬೇಕು: ವಸ್ತುವನ್ನು ಎತ್ತುವ ಮೊದಲೇ ಜಾಗಕ್ಕೆ ಬಂದು, ಆಳ ಅಳೆದು, ಸುತ್ತಲಿನ ಮಡಕೆ ಚೂರು, ಇದ್ದಿಲುಗಳನ್ನು ಗುರುತು ಹಾಕಿ, ಅದೇ ದಿನ ಅಲ್ಲಿನ ಕೆಲಸ ಮುಂದುವರಿಯಲು ಬಿಡಬಲ್ಲವರು. ಹೊಸ ವಸ್ತುಸಂಗ್ರಹಾಲಯದ ಕಟ್ಟಡಕ್ಕಿಂತ ಮೊದಲು ಸರ್ಕಾರ ಈ ಹುದ್ದೆಗಳಿಗೆ ಹಣ ಕೊಡಬೇಕು. ಅಲ್ಲಿಯವರೆಗೆ ಓದುಗರಲ್ಲಿ ನನ್ನ ಕೋರಿಕೆ ಇದು. ಬಾವಿಯ ಹೂಳು ತೆಗೆಯುವಾಗಲೋ ಮನೆಯ ಪಾಯ ತೋಡುವಾಗಲೋ ಗುರುತು ಸಿಗದ ಲೋಹದ ತುಂಡು ಕಂಡರೆ ಅದನ್ನು ಕೀಳಬೇಡಿ, ತಿಕ್ಕಬೇಡಿ. ಇದ್ದಲ್ಲೇ ಫೋಟೊ ತೆಗೆದು, ಪಕ್ಕದಲ್ಲೊಂದು ಗೂಟ ನೆಟ್ಟು, ಪುರಾತತ್ವ ಇಲಾಖೆಗೆ ತಿಳಿಸಿ.