ವೈದ್ಯರ ಉತ್ತರ

ಪ್ರಶ್ನೆ: ವಯಸ್ಸು 52. ಶಿಶ್ನದ ತುದಿ ಕೆಂಪಾಗಿ ತುರಿಸುತ್ತದೆ. ಅಂಗಡಿಯ ಮುಲಾಮಿನಿಂದ ಅಡಗಿ, ತಿಂಗಳೊಳಗೆ ಮರುಕಳಿಸುತ್ತದೆ. ಮನೆಯಲ್ಲಿ ಹೇಳಲು ಸಂಕೋಚ.
— ಒಬ್ಬ ಓದುಗ, ಜಯನಗರ

ಉತ್ತರ: ಸಂಕೋಚಪಡಬೇಡಿ, ಇದು ನಡತೆಯ ಕಳಂಕವಲ್ಲ. ಪದೇ ಪದೇ ಬರುವ ಈ ಉರಿಯೂತ ಎಷ್ಟೋ ವೇಳೆ ಮಧುಮೇಹದ ಮೊದಲ ಸೂಚನೆ. ಮೂತ್ರದ ಸಕ್ಕರೆ ಬೂಷ್ಟಿಗೆ ಆಹಾರವಾಗುತ್ತದೆ. ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ, ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಸಕ್ಕರೆ ಹತೋಟಿಗೆ ಬಾರದೆ ಮುಲಾಮಿನಿಂದ ಶಾಶ್ವತ ಗುಣವಿಲ್ಲ.

ಮುಂದೊಗಲನ್ನು ಮೆಲ್ಲನೆ ಸರಿಸಿ, ಬರಿಯ ನೀರಿನಿಂದ ನಿತ್ಯ ತೊಳೆದು ಒಣಗಿಸಿ. ಸಾಬೂನು, ಡೆಟಾಲ್ ಬೇಡ. ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಮರೆಸಿ ಬೂಷ್ಟನ್ನು ಬೆಳೆಸಬಲ್ಲದು. ಪತ್ನಿಗೂ ತುರಿಕೆಯಿದ್ದರೆ ಇಬ್ಬರಿಗೂ ಚಿಕಿತ್ಸೆ ಅಗತ್ಯ. ಆದ್ದರಿಂದ ಆಕೆಗೆ ತಿಳಿಸುವುದೇ ಲೇಸು. ಮುಂದೊಗಲು ಬಿಗಿದರೆ ಅಥವಾ ಹುಣ್ಣು ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನಿಮ್ಮ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿಯೇ ಸರ್ಕಾರಿ ಆಸ್ಪತ್ರೆಯಿದೆ.